ಒತ್ತಕ್ಷರಕ್ಕೆ ಜಾಗ ಬಿಡಿ

ಇನ್‌ಡಿಸೈನ್ ಕಲಿಯಲು ಕೂತ ಹೊಸಬರ ಕೈ ಮೊದಲು ಹೋಗುವುದು ಬಣ್ಣಗಳ ಕಡೆಗೆ. ಆಮೇಲೆ ಫಾಂಟುಗಳ ಪಟ್ಟಿ, ಅದಾದ ಮೇಲೆ ಅಕ್ಷರಕ್ಕೆ ನೆರಳು ಬೀಳಿಸುವ ಎಫೆಕ್ಟುಗಳು. ಅರ್ಧ ಗಂಟೆಯಲ್ಲಿ ಒಂದು ಕರಪತ್ರ ತಯಾರು. ಹುಟ್ಟುಹಬ್ಬದ ಫ್ಲೆಕ್ಸಿಗೆ ಇಷ್ಟು ಸಾಕು, ಅದರ ಬಗ್ಗೆ ನನ್ನ ತಕರಾರೇನಿಲ್ಲ. ಆದರೆ ಊರ ದೇವಸ್ಥಾನದ ಸ್ಮರಣ ಸಂಚಿಕೆ, ಶಾಲೆಯ ವಾರ್ಷಿಕ ಸಂಚಿಕೆ, ಮನೆಯ ಹಿರಿಯರು ಬರೆದಿಟ್ಟ ನೆನಪುಗಳು, ಹೀಗೆ ಜನ ಕೂತು ಓದಬೇಕಾದ್ದನ್ನು ತಾವೇ ಪುಟ ಕಟ್ಟಬೇಕೆಂದು ಹೊರಟವರಿಗೆ ಒಂದು ಮಾತು ಹೇಳುತ್ತೇನೆ. ಬಣ್ಣ, ಚಿತ್ರ ಎಲ್ಲ ಬದಿಗಿಡಿ. ಕೆಲವು ದಿನ ಕಪ್ಪು ಅಕ್ಷರ, ಬಿಳಿ ಕಾಗದ ಇಷ್ಟರಲ್ಲೇ ಕೈ ಪಳಗಲಿ.

ಯಾಕೆಂದರೆ ಪುಟ ಕಟ್ಟುವ ಈ ತಂತ್ರಾಂಶಗಳು ಹುಟ್ಟಿದ್ದೇ ರೋಮನ್ ಲಿಪಿಗೆ. 1985ರಲ್ಲಿ ಆಲ್ಡಸ್ ಕಂಪನಿ ಮ್ಯಾಕಿಂಟಾಷ್‌ಗೆ ಪೇಜ್‌ಮೇಕರ್ ತಂದಿತು. 1994ರಲ್ಲಿ ಆ ಕಂಪನಿ ಅಡೋಬ್‌ನ ಪಾಲಾಯಿತು, 1999ರಲ್ಲಿ ಇನ್‌ಡಿಸೈನ್ ಬಂತು. ಕನ್ನಡ ಒಳಗೆ ಕಾಲಿಟ್ಟಿದ್ದು ಎಷ್ಟೋ ವರ್ಷಗಳ ನಂತರ. ಹಾಗಾಗಿ ಹೊಸ ಫೈಲು ತೆರೆದಾಗ ತಾನಾಗಿ ಬಂದು ಕೂರುವ ಅಂಕಿಗಳೆಲ್ಲ ಇಂಗ್ಲಿಷಿನ ಅಂಕಿಗಳು. ಅವನ್ನು ನಂಬದಿರುವುದೇ ಕನ್ನಡಿಗರಿಗೆ ಇಲ್ಲಿ ಮೊದಲ ಪಾಠ.

ಪರೀಕ್ಷಿಸಿ ನೋಡಿ. ಅಕ್ಷರದ ಅಳತೆ 12 ಪಾಯಿಂಟ್ ಇದ್ದರೆ ಸಾಲಿನ ಅಂತರದ ಜಾಗದಲ್ಲಿ, ಅಂದರೆ ಲೀಡಿಂಗ್ ಎನ್ನುವ ಕಡೆ, ಕಂಸದೊಳಗೆ 14.4 ಎಂದಿರುತ್ತದೆ. ಆ ಕಂಸದ ಅರ್ಥ, ಇದು ನೀವು ಕೊಟ್ಟದ್ದಲ್ಲ, ತಂತ್ರಾಂಶವೇ ಅಕ್ಷರದ ಶೇ 120 ಲೆಕ್ಕ ಹಾಕಿ ಇಟ್ಟದ್ದು. ಈಗ ರಾಷ್ಟ್ರ, ಸ್ತ್ರೀ, ವೈಶಿಷ್ಟ್ಯ, ಸ್ವಾತಂತ್ರ್ಯ ಈ ನಾಲ್ಕೂ ಪದಗಳಿರುವ ಒಂದು ಪ್ಯಾರಾ ಟೈಪಿಸಿ ಕಾಗದದ ಮೇಲೆ ಪ್ರಿಂಟ್ ತೆಗೆಯಿರಿ. ಮೇಲಿನ ಸಾಲಿನ ಒತ್ತುಗಳು ಇಳಿದು ಕೆಳಗಿನ ಸಾಲಿನ ಗುಡಿಸು, ತಲೆಕಟ್ಟುಗಳ ಮೇಲೆ ಕೂತಂತಿರುತ್ತವೆ. ಒಂದಕ್ಕೊಂದು ತಾಗದೇ ಇರಬಹುದು, ಆದರೂ ಕಣ್ಣಿಗೆ ಸಾಲು ಹಿಡಿಯುವುದು ಕಷ್ಟ. ಇಂಗ್ಲಿಷಿನಲ್ಲಿ ಗೆರೆಯ ಕೆಳಗಿಳಿಯುವ ಅಕ್ಷರ ಬೆರಳೆಣಿಕೆಯಷ್ಟು. ನಮ್ಮಲ್ಲಿ ಒತ್ತಿಲ್ಲದ ಸಾಲೇ ಅಪರೂಪ, ಎರಡೆರಡು ಒತ್ತು ಹೊತ್ತ ಪದಗಳಿಗೂ ಬರವಿಲ್ಲ.

ನಾನು 11 ಪಾಯಿಂಟ್ ಅಕ್ಷರಕ್ಕೆ 16 ಪಾಯಿಂಟ್ ಅಂತರದಿಂದ ಶುರುಮಾಡುತ್ತೇನೆ. ಇದು ಶಾಸನವಲ್ಲ. ಒಂದು ಫಾಂಟಿನ 11 ಇನ್ನೊಂದರ 12ರಷ್ಟು ದಪ್ಪಗೆ ಕಾಣುತ್ತದೆ. ಒಂದರ ಒತ್ತು ಅಕ್ಷರದ ಬುಡಕ್ಕೇ ಅಂಟಿಕೊಂಡರೆ ಇನ್ನೊಂದರದು ಮಾರು ದೂರ ಇಳಿದಿರುತ್ತದೆ. ತೆರೆಯ ಮೇಲೆ ದೊಡ್ಡದು ಮಾಡಿ ನೋಡಿದರೆ ಎಲ್ಲವೂ ಚೆಂದ. ತೀರ್ಮಾನ ಕಾಗದ ನೋಡಿಯೇ ಆಗಬೇಕು.

ಅಂತರ ಬಿಗಿಮಾಡುವ ಚಪಲಕ್ಕೆ ಮೂಲ ದುಡ್ಡು. ಡೆಮಿ 1/8 ಪುಸ್ತಕದ ಪಠ್ಯ ಭಾಗ ಏಳು ಇಂಚು ಎತ್ತರ ಎಂದಿಟ್ಟುಕೊಳ್ಳಿ. ಇಂಚಿಗೆ 72ರಂತೆ ಅದು 504 ಪಾಯಿಂಟ್. 14 ಪಾಯಿಂಟ್ ಅಂತರದಲ್ಲಿ ಪುಟಕ್ಕೆ 36 ಸಾಲು, 16ರಲ್ಲಿ 31. ಮೊದಲ ಲೆಕ್ಕದಲ್ಲಿ 192 ಪುಟಕ್ಕೆ ಮುಗಿಯುವ ಪುಸ್ತಕ ಎರಡನೆಯದರಲ್ಲಿ 223ಕ್ಕೆ ಹೋಗುತ್ತದೆ. ಹದಿನಾರು ಪುಟದ ಫಾರಂ ಲೆಕ್ಕದಲ್ಲಿ ಹನ್ನೆರಡರ ಜಾಗದಲ್ಲಿ ಹದಿನಾಲ್ಕು. ಪ್ರಕಾಶಕರು ಹುಬ್ಬು ಗಂಟಿಕ್ಕುವುದು ಸಹಜವೇ. ಆದರೂ ಉಳಿತಾಯ ಮಾಡಲೇಬೇಕಾದರೆ ಅಂಚು ಸ್ವಲ್ಪ ತಗ್ಗಿಸಿ, ಅಕ್ಷರ ಅರ್ಧ ಪಾಯಿಂಟ್ ಇಳಿಸಿ, ಬೇಡದ ಮುನ್ನುಡಿಯೊಂದನ್ನು ಕೈಬಿಡಿ. ಸಾಲುಗಳ ನಡುವಿನ ಗಾಳಿಗೆ ಕೈಹಾಕಬೇಡಿ.

ಇಂಥ ಬದಲಾವಣೆ ಮಾಡಿ ನೋಡುವ ಧೈರ್ಯ ಬರುವುದು ಪ್ಯಾರಾಗ್ರಾಫ್ ಸ್ಟೈಲ್ ಕಲಿತವರಿಗೆ ಮಾತ್ರ. ಶೀರ್ಷಿಕೆಗೊಂದು, ಮೊದಲ ಪ್ಯಾರಾಕ್ಕೊಂದು, ಉಳಿದ ಪಠ್ಯಕ್ಕೊಂದು, ಮೂರು ಸ್ಟೈಲಿನಿಂದ ಇಡೀ ಪುಸ್ತಕ ಸಾಗುತ್ತದೆ. ಅಂತರವನ್ನು 15ರಿಂದ 16ಕ್ಕೆ ಏರಿಸಬೇಕೆಂದರೆ ಒಂದು ಕಡೆ ತಿದ್ದಿದರಾಯಿತು, ಎಲ್ಲ ಪುಟಗಳೂ ತಾವಾಗಿ ಸರಿದುಕೊಳ್ಳುತ್ತವೆ. ಪ್ಯಾರಾ ಬಿಡಲು ಎರಡು ಸಲ ಎಂಟರ್, ಒಳಗೆ ಸರಿಸಲು ಐದು ಸಲ ಸ್ಪೇಸ್ ಒತ್ತುವ ಟೈಪ್‌ರೈಟರ್ ಅಭ್ಯಾಸ ಇರುವ ತನಕ ತಂತ್ರಾಂಶ ಎಷ್ಟು ದುಬಾರಿಯದಾದರೂ ಪ್ರಯೋಜನವಿಲ್ಲ.

ಇನ್ನು ಅಕ್ಷರ ಒಡೆಯುವ ಕಾಟ. ಯೂನಿಕೋಡ್ ಪಠ್ಯ ಸುರಿದ ಕೂಡಲೇ ಒತ್ತುಗಳು ಬೇರೆ, ಅಕ್ಷರ ಬೇರೆ ಆಗಿ ನಿಂತರೆ ಗಾಬರಿ ಬೇಡ. ಪ್ಯಾರಾಗ್ರಾಫ್ ಪ್ಯಾನೆಲ್ಲಿನ ಮೂಲೆಯ ಮೆನುವಿನಲ್ಲಿ ಅಡೋಬ್ ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್ ಆರಿಸಿ. ಅದನ್ನು ಸ್ಟೈಲಿನಲ್ಲೇ ಸೇರಿಸಿಬಿಟ್ಟರೆ ಮತ್ತೆ ನೆನಪಿಟ್ಟುಕೊಳ್ಳುವ ಗೋಜಿಲ್ಲ. ಹಳೆಯ ನುಡಿ ಫಾಂಟಿನ ಬರಹದ ಕಥೆ ಬೇರೆ. ಅಂಥ ಆಸ್ಕಿ ಫೈಲಿನಲ್ಲಿ ಒಳಗಿರುವುದು ರೋಮನ್ ಅಕ್ಷರಗಳ ಸಂಕೇತ, ಹೊರಗೆ ಮಾತ್ರ ಕನ್ನಡದ ರೂಪ. ಫಾಂಟ್ ಬದಲಿಸಿದರೆ ಕಸ ಕಾಣುತ್ತದೆ. ಪೇಜ್‌ಮೇಕರ್ ಬಿಡದ ಡಿಟಿಪಿ ಅಂಗಡಿಗಳಲ್ಲಿ ಈಗಲೂ ಇಂಥ ಫಾಂಟುಗಳೇ ನಡೆಯುತ್ತವೆ. ಸ್ಮರಣ ಸಂಚಿಕೆಗೆ ಒಬ್ಬರು ವಾಟ್ಸಾಪಿನಲ್ಲಿ, ಇನ್ನೊಬ್ಬರು ನುಡಿಯಲ್ಲಿ ಲೇಖನ ಕಳಿಸುತ್ತಾರೆ. ಪುಟಕ್ಕೆ ಹಾಕುವ ಮುಂಚೆಯೇ ಎಲ್ಲವನ್ನೂ ಯೂನಿಕೋಡಿಗೆ ತಂದುಕೊಳ್ಳಿ. ಪರಿವರ್ತನೆಯಾದ ಮೇಲೆ ಅರ್ಕಾವತ್ತು, ಅಂಕಿ, ಉದ್ಧರಣ ಚಿಹ್ನೆಗಳನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿ.

ಇನ್‌ಡಿಸೈನಿಗೆ ವರ್ಷವರ್ಷ ಚಂದಾ ಕಟ್ಟಲು ಮನಸ್ಸಿಲ್ಲದವರಿಗೆ ಸ್ಕ್ರೈಬಸ್ ಇದೆ, ಪೂರ್ತಿ ಉಚಿತ. ಅದರ ಹಳೆಯ 1.4 ಆವೃತ್ತಿಯಲ್ಲಿ ಕನ್ನಡ ಮುರಿದು ಬೀಳುತ್ತಿತ್ತು. ಅದನ್ನು ನೋಡಿ ಬೇಸತ್ತು ಬಿಟ್ಟವರು 2024ರ ಜನವರಿಯಲ್ಲಿ ಬಂದ 1.6 ಅನ್ನು ಒಮ್ಮೆ ತೆರೆಯಬೇಕು, ಒತ್ತುಗಳು ಈಗ ತಮ್ಮ ಜಾಗದಲ್ಲಿ ಕೂರುತ್ತವೆ. ಗುಬ್ಬಿ, ನವಿಲು, ನೋಟೊ ಸೆರಿಫ್ ಕನ್ನಡ, ಈ ಫಾಂಟುಗಳೂ ಕಾಸಿಲ್ಲದೆ ಸಿಗುತ್ತವೆ. ಕಲಿಯಲು ಇದೇ ಒಳ್ಳೆಯದು ಎನ್ನುವವನು ನಾನು. ಇಲ್ಲಿ ರೂಢಿಸಿಕೊಂಡ ಸ್ಟೈಲು, ಚೌಕಟ್ಟುಗಳ ಅಭ್ಯಾಸ ಇನ್‌ಡಿಸೈನಿನಲ್ಲೂ ಹಾಗೇ ನಡೆಯುತ್ತದೆ.

ಪ್ರೆಸ್ಸಿಗೆ ಕಳಿಸುವ ಮುನ್ನ ಪಠ್ಯದ ಕಪ್ಪು ನಿಜಕ್ಕೂ ಒಂದೇ ಕಪ್ಪೇ ಎಂದು ನೋಡಿಕೊಳ್ಳಿ. ವರ್ಡ್‌ನಿಂದ ತಂದ ಕಪ್ಪು ಕೆಲವೊಮ್ಮೆ ನಾಲ್ಕು ಬಣ್ಣಗಳ ಮಿಶ್ರಣವಾಗಿ ಹೋಗುತ್ತದೆ. ಆಗ ನಾಲ್ಕು ಪ್ಲೇಟುಗಳು ಕೂದಲೆಳೆ ಆಚೀಚೆ ಆದರೂ ಸಣ್ಣ ಒತ್ತುಗಳ ಹೊಟ್ಟೆ ತುಂಬಿ ಮಸಿಯ ಚುಕ್ಕೆಯಾಗುತ್ತದೆ.

ಡ್ರಾಪ್ ಕ್ಯಾಪ್, ಅಂದರೆ ಲೇಖನದ ಮೊದಲ ಅಕ್ಷರವನ್ನು ದೊಡ್ಡದು ಮಾಡಿ ಕೂರಿಸುವುದು, ಹಾಕಲೇ ಎಂದು ಹೊಸಬರೆಲ್ಲ ಕೇಳುತ್ತಾರೆ. ಲೇಖನ ‘ಅ’ದಿಂದಲೋ ‘ನ’ದಿಂದಲೋ ಶುರುವಾದರೆ ಹಾಕಿ. ‘ಸ್ವಾತಂತ್ರ್ಯ’ದಿಂದ ಶುರುವಾದರೆ ದೊಡ್ಡ ಅಕ್ಷರದ ವ-ಒತ್ತು ಕೆಳಗಿನ ಸಾಲನ್ನು ಕೊರೆದು ನಿಲ್ಲುತ್ತದೆ. ಆಗ ಮೊದಲ ವಾಕ್ಯ ಬದಲಿಸಿಕೊಡಿ ಎಂದು ಲೇಖಕರನ್ನು ಕೇಳಬೇಕು, ಇಲ್ಲವೇ ಆ ಆಸೆ ಬಿಡಬೇಕು. ಲೇಖಕರು ಒಪ್ಪಿದ್ದನ್ನು ನಾನಂತೂ ಕಂಡಿಲ್ಲ.