ಮಾಂಗಾ ಓದುವ ಕಣ್ಣು

ಕಥೆ ಗಟ್ಟಿಯಾಗಿದ್ದರೆ ಸಾಕು, ಚಿತ್ರ ಹೇಗಿದ್ದರೇನು ಎಂಬ ಮಾತು ಮಾಂಗಾ ಓದುಗರ ನಡುವೆ ಆಗಾಗ ಕೇಳಿಬರುತ್ತದೆ. ನಾನದನ್ನು ಒಪ್ಪಲಾರೆ. ಮಾಂಗಾದಲ್ಲಿ ಚಿತ್ರದ ತೂಕ ಬರವಣಿಗೆಯದಕ್ಕಿಂತ ಗುಲಗಂಜಿಯಷ್ಟೂ ಕಡಿಮೆಯಲ್ಲ. ಆದರೆ ಒಳ್ಳೆಯ ಚಿತ್ರ ಎಂದರೆ ಯಾವುದು ಎಂಬುದನ್ನು ಮೊದಲು ತಿಳಿಯಬೇಕು. ಗೆರೆಯ ನಯ, ಮೈಕಟ್ಟಿನ ಅಳತೆ, ಹಿನ್ನೆಲೆಯ ಕುಸುರಿ ತಟ್ಟನೆ ಕಣ್ಣಿಗೆ ಬೀಳುತ್ತವೆ. ಹೊಸಬರು ಅವನ್ನೇ ಅಳತೆಗೋಲು ಮಾಡಿಕೊಳ್ಳುತ್ತಾರೆ. ಜಪಾನಿನಲ್ಲಿ ಮಾಂಗಾ ತಯಾರಾಗುವ ಬಗೆ ಬೇರೆಯದನ್ನೇ ತೋರಿಸುತ್ತದೆ. ಮಸಿ ಹಾಕುವ ಮುನ್ನ 'ನೇಮು' ಎಂಬ ಕಚ್ಚಾ ಪ್ರತಿ ಸಿದ್ಧವಾಗುತ್ತದೆ. ಯಾವ ಚೌಕ ದೊಡ್ಡದು, ಯಾರು ಎತ್ತ ನೋಡುತ್ತಾರೆ, ಮಾತಿನ ಗುಳ್ಳೆ ಎಲ್ಲಿ ಕೂರಬೇಕು, ಪುಟ ತಿರುವಿದೊಡನೆ ಏನು ಎದುರಾಗಬೇಕು, ಎಲ್ಲ ನಿರ್ಧಾರವಾಗುವುದು ಅಲ್ಲಿ. ಸಂಪಾದಕರು ಒಪ್ಪುವುದೋ ತಿದ್ದಿಸುವುದೋ ಈ ಒರಟು ಪುಟಗಳನ್ನೇ. ಅಂದರೆ ಕಥೆ ಹುಟ್ಟುವಾಗಲೇ ಚಿತ್ರವಾಗಿರುತ್ತದೆ.

'ಒನ್ ಪಂಚ್ ಮ್ಯಾನ್' ಈ ಮಾತನ್ನು ಒರೆಗೆ ಹಚ್ಚಲು ತಕ್ಕ ಕೃತಿ. ಒನ್ ಎಂಬ ಹೆಸರಿನ ಕಲಾವಿದರು 2009ರಲ್ಲಿ ಅದನ್ನು ಅಂತರ್ಜಾಲದಲ್ಲಿ ತಾವೇ ಬಿಡಿಸಿ ಹಾಕತೊಡಗಿದರು. ಗೆರೆ ಪಾಠ ಬೇಸರವಾದ ಹುಡುಗನ ನೋಟ್‌ಬುಕ್ಕಿನಲ್ಲಿ ಕಾಣುವಂಥದ್ದು. ಆದರೂ ಓದುಗರು ಮುಗಿಬಿದ್ದರು. 2012ರಿಂದ ಯೂಸುಕೆ ಮುರಾತಾ ಅದೇ ಕಥೆಯನ್ನು ಬೆರಗಾಗಿಸುವ ಕೈಚಳಕದಿಂದ ಮತ್ತೆ ಬಿಡಿಸುತ್ತಿದ್ದಾರೆ. ಎರಡನ್ನೂ ಪಕ್ಕಪಕ್ಕ ಇಟ್ಟು ನಾಯಕ ಸೈತಾಮಾನ ಮುಖ ನೋಡಿ. ರಾಕ್ಷಸರ ಒಂದೊಂದು ಸ್ನಾಯುವನ್ನೂ ಕೆತ್ತುವ ಮುರಾತಾ, ಅವನಿಗೆ ಬೇಸರವಾದಾಗ ಬಿಡಿಸುವುದು ಬೋಳು ತಲೆ, ಚುಕ್ಕಿಯಿಟ್ಟ ಕಣ್ಣು, ಒಂದೇ ಗೆರೆಯ ಬಾಯಿ, ಅಷ್ಟೇ. ಎಂಥ ಶತ್ರುವೂ ಒಂದೇ ಗುದ್ದಿಗೆ ಬಿದ್ದರೆ ಗೆಲುವಿಗೆ ರುಚಿಯಿಲ್ಲ ಎಂಬ ಕಥೆಯ ತಿರುಳಿರುವುದು ಆ ಖಾಲಿ ಮುಖದಲ್ಲಿ. ಒನ್ ಅವರ ಒರಟು ಗೆರೆ ಅದನ್ನು ಮೊದಲೇ ಹಿಡಿದಿತ್ತು. ಮುರಾತಾರಂಥವರು ಅಲ್ಲಿ ಕೈ ಬಿಗಿಹಿಡಿದದ್ದು ಅದಕ್ಕೆ ಸಲ್ಲಿಸಿದ ಗೌರವವೆಂದೇ ನಾನು ಭಾವಿಸುತ್ತೇನೆ.

ಹಾಗಾದರೆ ಕೈಚಳಕ ಬರೀ ಅಲಂಕಾರವೇ? ಖಂಡಿತ ಅಲ್ಲ. ತಾಕೆಹಿಕೊ ಇನೋಯೆ 1998ರಲ್ಲಿ ಆರಂಭಿಸಿದ 'ವ್ಯಾಗಬಾಂಡ್'ಗೆ ಎಜಿ ಯೊಶಿಕಾವಾ ಅವರ 'ಮುಸಾಶಿ' ಕಾದಂಬರಿ ಆಧಾರ. ಮುಸಾಶಿಯ ಎದುರಾಳಿ ಕೊಜಿರೊಗೆ ಕಾದಂಬರಿಯಲ್ಲಿಲ್ಲದ ಕಿವುಡುತನವನ್ನು ಇನೋಯೆ ಕೊಟ್ಟರು. ಅಲ್ಲಿಗೆ ಸಂಭಾಷಣೆಯಿಂದ ಪಾತ್ರ ಕಟ್ಟುವ ಸುಲಭದ ದಾರಿ ಮುಚ್ಚಿತು. ಭುಜ ಸಡಿಲವಾಗಿದೆಯೇ, ನೋಟ ಎಲ್ಲಿ ನೆಟ್ಟಿದೆ, ಕತ್ತಿ ಹಿಡಿದ ಬೆರಳು ಹೇಗಿವೆ ಎಂಬುದರಿಂದಲೇ ನಾವು ಅವನನ್ನು ಅರಿಯಬೇಕು. ಇನೋಯೆ ಅವರ ಕುಂಚವಿಲ್ಲದೆ ಆ ಪಾತ್ರವನ್ನು ಊಹಿಸುವುದೂ ಕಷ್ಟ. ಇಲ್ಲಿ ಬರವಣಿಗೆ ಎಲ್ಲಿ ಮುಗಿಯಿತು, ಚಿತ್ರ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲು ಬರುವುದಿಲ್ಲ.

ಬರೆಯುವವರೊಬ್ಬರು, ಬಿಡಿಸುವವರೊಬ್ಬರು ಇರುವ 'ಡೆತ್ ನೋಟ್'ನಂಥ ಕೃತಿಗಳನ್ನು ಕೆಲವರು ಮುಂದಿಡುತ್ತಾರೆ. ಕೆಲಸ ಹಂಚಬಹುದಾದರೆ ಬೆಲೆಯನ್ನೂ ಬೇರೆ ಬೇರೆ ಕಟ್ಟಬಹುದಲ್ಲ ಎನ್ನುತ್ತಾರೆ. ಆದರೆ ಅಲ್ಲಿ ಬರಹಗಾರ ತ್ಸುಗುಮಿ ಓಬಾ ಕಲಾವಿದ ತಾಕೆಶಿ ಒಬಾತಾಗೆ ಕೊಡುತ್ತಿದ್ದದ್ದೂ ಚೌಕ ಹಾಕಿದ ನೇಮುವನ್ನೇ. ಹೊಸಬರಿಗೆ ನನ್ನ ಸಲಹೆ ಇಷ್ಟು: ಮೊದಲು ಕಥೆಗಾಗಿ ಓದಿ. ಆಮೇಲೆ ಮನಸ್ಸಿಗೆ ನಾಟಿದ ಒಂದು ಪುಟಕ್ಕೆ ಮರಳಿ, ಮಾತುಗಳನ್ನು ಬಿಟ್ಟು, ಬಲದಿಂದ ಎಡಕ್ಕೆ ಚಿತ್ರಗಳನ್ನಷ್ಟೇ ನೋಡುತ್ತ ಹೋಗಿ. 2009ರಲ್ಲಿ ಶುರುವಾದ 'ಅಟ್ಯಾಕ್ ಆನ್ ಟೈಟನ್'ನ ಆರಂಭದಲ್ಲಿ ಹಾಜಿಮೆ ಇಸಾಯಾಮಾ ಬಿಡಿಸಿದ ಮನುಷ್ಯರು ಸೊಟ್ಟಪಟ್ಟ. ಆದರೂ 50 ಮೀಟರ್ ಗೋಡೆಯ ಮೇಲಿಂದ ದೈತ್ಯನ ತಲೆ ಇಣುಕಿದಾಗ ಭಯಕ್ಕೆ ಒಂದು ಮಾತೂ ಬೇಕಿಲ್ಲ. ಇನ್ನೊಂದೆಡೆ, ಗೆರೆ ಎಷ್ಟೇ ಸುಂದರವಾಗಿದ್ದರೂ ಯಾರು ಯಾರಿಗೆ ಹೊಡೆದರೆಂದೇ ತಿಳಿಯದ ಕಾಳಗದ ಪುಟಗಳೂ ಸಿಗುತ್ತವೆ. ಅವನ್ನು ಕೆಟ್ಟ ಚಿತ್ರವೆಂದು ಕರೆಯಲು ಹಿಂಜರಿಯಬೇಡಿ.