ಉದ್ದ ಸುಳುಹಿನ ಹದ

ಪದಬಂಧದ ಸುಳುಹನ್ನು ಯಾರೂ ಸಾಹಿತ್ಯ ಅಂತ ಕರೆಯುವುದಿಲ್ಲ. ಪತ್ರಿಕೆಯ ಮೂಲೆಯಲ್ಲಿ ಬರುತ್ತದೆ, ಪೆನ್ಸಿಲಿನಲ್ಲಿ ತುಂಬುತ್ತೇವೆ, ಮರುದಿನ ಅದೇ ಕಾಗದದಲ್ಲಿ ಬೋಂಡ ಕಟ್ಟಿಕೊಡುತ್ತಾರೆ. ಆದರೂ ಸುಳುಹು ಬರೆಯುವುದು ಒಂದು ವಿದ್ಯೆ. ಒಳ್ಳೆಯದು, ಕೆಟ್ಟದ್ದು ಎಂಬ ಭೇದ ಅದರಲ್ಲೂ ಉಂಟು. ಆ ಭೇದ ಯಾವುದು ಎಂದು ಬಾಯಿಬಿಟ್ಟು ಹೇಳಬಹುದು ಎಂಬುದು ನನ್ನ ನಂಬಿಕೆ. ಇಲ್ಲಿ ಒಂದೇ ಬಗೆಯ ಸುಳುಹನ್ನು ವಿಚಾರಕ್ಕೆ ತೆಗೆದುಕೊಂಡಿದ್ದೇನೆ. ಅದು ಉದ್ದನೆಯದು, ಪುರಾಣ, ಚರಿತ್ರೆ, ಸಿನಿಮಾ, ಊರ ಸಂಗತಿ ಎಲ್ಲ ತುಂಬಿಕೊಂಡು ಎರಡು ಮೂರು ಸಾಲು ಓಡುವಂಥದ್ದು. ಇದು ಓದುವವನನ್ನು ಒಳಗೆ ಕರೆಯಲೂಬಹುದು, ಬಾಗಿಲಲ್ಲೇ ನಿಲ್ಲಿಸಲೂಬಹುದು.

ಇದಕ್ಕೆ ಇಷ್ಟು ಯೋಚನೆ ಯಾಕೆ ಅಂತ ಕೇಳುವವರಿಗೆ ನಮ್ಮ ಕಡೆಯ ಸ್ಥಿತಿ ನೆನಪು ಮಾಡುತ್ತೇನೆ. ಲೇಪಾಕ್ಷಿ, ಹಿಂದೂಪುರ, ಮಡಕಶಿರಾ ಕಡೆಯ ಎಷ್ಟೋ ಮನೆಗಳಲ್ಲಿ ಎರಡು ಭಾಷೆ ಒಂದೇ ಒಲೆಯ ಮುಂದೆ ಕೂರುತ್ತವೆ. ಅಜ್ಜಿಗೆ ಕಥೆ ಗೊತ್ತು, ಅಕ್ಷರ ಬಾರದು. ಮೊಮ್ಮಗನಿಗೆ ತೆಲುಗು ಅಕ್ಷರ ಸಲೀಸು, ಕನ್ನಡದ ತಲೆಕಟ್ಟು ನೋಡಿ ತಡವರಿಸುತ್ತಾನೆ. ಮೇಷ್ಟ್ರಿಗೆ ಸಂಧಿ ಸಮಾಸ ಗೊತ್ತು, ಊರ ಕಥೆ ಅಷ್ಟಕ್ಕಷ್ಟೆ. ಈ ಮೂವರೂ ಒಂದು ಕನ್ನಡ ಹಾಳೆಯ ಸುತ್ತ ಕೂತು ಜಗಳವಾಡುವ ಅವಕಾಶ ವಾಚನಾಲಯದಲ್ಲಿ ಪದಬಂಧ ಬಿಟ್ಟರೆ ಬೇರೆ ಕಡಿಮೆ. ಹಾಗಾಗಿ ಸುಳುಹು ಯಾರನ್ನು ಒಳಗೆ ಬಿಟ್ಟುಕೊಳ್ಳುತ್ತದೆ ಎಂಬುದು ನಮಗೆ ಸಣ್ಣ ವಿಷಯವಲ್ಲ.

ಈ ಆಟ ಹೊರಗಿನಿಂದ ಬಂದದ್ದು. 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ, ಇಂಗ್ಲೆಂಡಿನ ಲಿವರ್‌ಪೂಲಿನಿಂದ ಅಮೆರಿಕಕ್ಕೆ ಹೋಗಿದ್ದ ಆರ್ಥರ್ ವಿನ್ ಎಂಬಾತ ವಜ್ರದಾಕಾರದ ಒಂದು ಚೌಕಮನೆ ಅಚ್ಚು ಹಾಕಿಸಿದ. ಅವನ ಸುಳುಹುಗಳು ಗಿಡ್ಡ, ನಿಘಂಟಿನ ಅರ್ಥದ ಹಾಗೆ. ಆಟ ಇಂಗ್ಲೆಂಡಿಗೆ ಹೋದ ಮೇಲೆ ಅಲ್ಲಿಯವರು ಸುಳುಹನ್ನೇ ಒಗಟು ಮಾಡಿದರು. ನಮ್ಮಲ್ಲಿಗೆ ಬಂದಾಗ ಅದಕ್ಕೆ ಹೊಸ ನೆಲವೇನೂ ಬೇಕಾಗಲಿಲ್ಲ. ಒಗಟು ಇತ್ತು, ಮದುವೆ ಮನೆಯ ಒಡಪು ಇತ್ತು, ಅಲ್ಲಮನ ಬೆಡಗಿನ ವಚನ ಇತ್ತು, ಕನಕದಾಸರ ಮುಂಡಿಗೆ ಇತ್ತು. ಕನ್ನಡದಲ್ಲಿ ಕೋಲಾರ ಜಿಲ್ಲೆ ಅಬ್ಬಣಿಯ ಅ.ನಾ. ಪ್ರಹ್ಲಾದರಾವ್ ಅವರೊಬ್ಬರೇ ಮೂವತ್ತು ಸಾವಿರಕ್ಕೂ ಮೀರಿ ಪದಬಂಧ ಕಟ್ಟಿದ್ದಾರೆ. ತೆಲುಗಿನಲ್ಲಿ ‘ಸಮಗ್ರ ಆಂಧ್ರ ಸಾಹಿತ್ಯ’ ಬರೆದ ಕವಿ ಆರುದ್ರ ಅವರೇ ‘ಗಳ್ಳ ನುಡಿಕಟ್ಟು’ ಎಂದು ಹೆಸರಿಟ್ಟು ಈ ಆಟಕ್ಕೆ ಕೈಹಾಕಿದವರು. ದೊಡ್ಡ ಪಂಡಿತರಿಗೆ ಸಣ್ಣದು ಎನಿಸದ ಕೆಲಸವನ್ನು ನಾವು ಸಣ್ಣದು ಎನ್ನಬೇಕಾಗಿಲ್ಲ.

ಇನ್ನು ಕನ್ನಡದಲ್ಲಿ ಸುಳುಹು ಉದ್ದವಾಗುವುದಕ್ಕೆ ಒಂದು ಕಾರಣ ನಮ್ಮ ಅಕ್ಷರದಲ್ಲೇ ಇದೆ. ಇಂಗ್ಲಿಷಿನ ಒಂದು ಮನೆಯಲ್ಲಿ ಕೂರಬಹುದಾದದ್ದು 26 ಅಕ್ಷರಗಳಲ್ಲಿ ಒಂದು. ನಮ್ಮ 34 ವ್ಯಂಜನಕ್ಕೆ ಕಾಗುಣಿತದ ಬಳ್ಳಿ ಹಬ್ಬಿಸಿದರೇ ನಾನ್ನೂರು ದಾಟುತ್ತದೆ, ಒತ್ತಕ್ಷರ ಬೇರೆ. ಅಡ್ಡಸಾಲಿನ ‘ಕಿ’ಗೆ ಕೆಳಸಾಲಿನಲ್ಲೂ ‘ಕಿ’ಯೇ ಬೇಕು, ‘ಕ’ ಆಗದು, ‘ಕೀ’ ಆಗದು. ಹೀಗಾಗಿ ಪದಬಂಧ ಕಟ್ಟುವವನು ಕೊನೆಯ ಮೂಲೆಗೆ ಬರುವಷ್ಟರಲ್ಲಿ ಸಿಕ್ಕ ಪದ ಹಾಕಿಕೊಳ್ಳಬೇಕಾಗುತ್ತದೆ. ‘ಲೇ’ಯಿಂದ ಶುರುವಾಗುವ ಪದ ಎಷ್ಟಿವೆ ಹೇಳಿ ನೋಡೋಣ. ಲೇಸು, ಲೇಪ, ಲೇಖನಿ, ಲೇವಾದೇವಿ, ಮತ್ತೆ? ಬಳಕೆ ತಪ್ಪಿದ ಪದ ಒಳಗೆ ಬಂದಾಗ ಅದನ್ನು ಉಳಿಸುವ ಹೊಣೆ ಸುಳುಹಿನ ಮೇಲೆ ಬೀಳುತ್ತದೆ.

ಗಿಡ್ಡ ಸುಳುಹು ಸುಲಭ, ಉದ್ದದ್ದು ಕಷ್ಟ ಎನ್ನುವುದು ಸಾಮಾನ್ಯ ನಂಬಿಕೆ. ಅದು ನಿಜವಲ್ಲ. ‘ಆನೆ (2)’ ಎಂದು ಕೊಟ್ಟಿದ್ದಾರೆ ಅಂತ ಇಟ್ಕೊಳ್ಳಿ. ಗಜವೋ, ಕರಿಯೋ, ಇಭವೋ, ದಂತಿಯೋ, ಹಸ್ತಿಯೋ? ಐದೂ ಎರಡು ಮನೆಗೆ ಕೂರುತ್ತವೆ. ತುಂಬುವವನು ಊಹಿಸಬೇಕೇ ಹೊರತು ಯೋಚಿಸಲು ಅಲ್ಲಿ ಏನೂ ಇಲ್ಲ. ಅದನ್ನೇ ಹೀಗೆ ಬರೆದರೆ: ‘ಹಪ್ಪಳವನ್ನು ಎಣ್ಣೆಗೆ ಬಿಟ್ಟು ಮಾಡುವುದು, ಕಾಡಿಗೆಯ ಬಣ್ಣ, ದಸರೆಯ ಅಂಬಾರಿ ಹೊರುವುದು (2)’. ಈಗ ಗಜ, ಇಭ, ದಂತಿ, ಹಸ್ತಿ ನಾಲ್ಕೂ ಬಿದ್ದುಹೋದವು. ‘ಕರಿ’ ಮಾತ್ರ ನಿಂತಿತು. ಅಡುಗೆಮನೆಯಿಂದ ಬಂದವರಿಗೂ ಬಾಗಿಲಿದೆ, ಮೈಸೂರು ನೋಡಿದವರಿಗೂ ಬಾಗಿಲಿದೆ. ಸಾಲು ಬೆಳೆಯಿತು, ದಾರಿಯೂ ಸ್ಪಷ್ಟವಾಯಿತು.

ಹಾಗೆಂದು ಬೆಳೆದದ್ದೆಲ್ಲ ಒಳ್ಳೆಯದಲ್ಲ. ಇನ್ನೊಂದು ಬಗೆಯದನ್ನು ನೋಡಿ: ‘ವಿಜಯನಗರದ ಅಚ್ಯುತದೇವರಾಯನ ಕಾಲದಲ್ಲಿ ವಿರೂಪಣ್ಣ, ವೀರಣ್ಣ ಎಂಬ ಸೋದರರು ವೀರಭದ್ರನಿಗೆ ಗುಡಿ ಕಟ್ಟಿಸಿದ, ಹಿಂದೂಪುರದಿಂದ ಸುಮಾರು 15 ಕಿ.ಮೀ. ದೂರದ, 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದ ಊರಿನಲ್ಲಿರುವ ಏಕಶಿಲೆಯ ಶಿವವಾಹನ (2)’. ಒಂದು ಸಂಗತಿಯೂ ಸುಳ್ಳಲ್ಲ. ಆದರೆ ಕೊನೆಯ ಎರಡು ಪದ ಓದಿದವನಿಗೆ ಉತ್ತರ ‘ನಂದಿ’ ಎಂದು ಗೊತ್ತಾಗುತ್ತದೆ, ಮೊದಲಿನದ್ದೆಲ್ಲ ದಂಡ. ಅದು ಬರೆದವನ ತಿಳಿವಳಿಕೆಯ ಪ್ರದರ್ಶನ, ನಮಗೆ ಕೊಟ್ಟ ಸಹಾಯವಲ್ಲ.

ಪರೀಕ್ಷೆ ಸರಳ. ಒಂದೊಂದೇ ಸಂಗತಿಯನ್ನು ಬೆರಳಿನಿಂದ ಮುಚ್ಚಿ ನೋಡಬೇಕು. ಮುಚ್ಚಿದಾಗ ಬೇರೆ ಉತ್ತರಕ್ಕೆ ಜಾಗವಾದರೆ ಆ ಸಂಗತಿ ಬೇಕು. ಇಲ್ಲವೇ, ಬೇರೆ ಯಾರೋ ಒಬ್ಬರಿಗೆ ಅದು ಬಾಗಿಲಾಗಿದ್ದರೂ ಬೇಕು. ಎರಡೂ ಅಲ್ಲದಿದ್ದರೆ ತೆಗೆದುಬಿಡಬೇಕು. ನಮ್ಮ ಗುಡಿಯಲ್ಲಿ ನೆಲ ಮುಟ್ಟದ ಕಂಬ ಒಂದಿದೆ, ಅಡಿಯಲ್ಲಿ ಬಟ್ಟೆ ತೂರಿಸಿ ಜನ ಬೆರಗಾಗುತ್ತಾರೆ. ಸುತ್ತಲಿನ ಕಂಬಗಳು ಸೂರು ಹೊತ್ತಿರುವುದರಿಂದ ಆ ಒಂದರ ಬೆರಗು ನಡೆಯುತ್ತದೆ. ಎಲ್ಲವೂ ಹಾಗೇ ತೂಗಿದ್ದರೆ ಒಳಗೆ ಕಾಲಿಡಲು ಯಾರು ಧೈರ್ಯ ಮಾಡುತ್ತಿದ್ದರು?

ಅದೇ ನಂದಿಗೆ ನಾನಾದರೆ ಹೀಗೆ ಬರೆಯುತ್ತೇನೆ: ‘ಬೆಂಗಳೂರಿನವರಿಗೆ ಬೆಟ್ಟ, ತೆಲುಗು ಸಿನಿಮಾದವರಿಗೆ ಪ್ರಶಸ್ತಿ, ನಮಗೆ 27 ಅಡಿ ಉದ್ದದ ಕಲ್ಲು, ದೀರ್ಘ ಕೊಟ್ಟರೆ ನಾಟಕ ಶುರು (2)’. ಆಂಧ್ರದ ನಂದಿ ಪ್ರಶಸ್ತಿಗೆ ಹೆಸರು ಬಂದದ್ದು ನಮ್ಮೂರ ಈ ಬಸವಣ್ಣನಿಂದಲೇ. ಅದು ಗೊತ್ತಿರುವ ಸಿನಿಮಾ ಹುಡುಗ ಒಂದು ಕಡೆಯಿಂದ ಬರಲಿ, ನಂದಿಬೆಟ್ಟಕ್ಕೆ ಹೋಗಿಬಂದವರು ಇನ್ನೊಂದು ಕಡೆಯಿಂದ. ‘ನಂದಿ’ಗೆ ದೀರ್ಘ ಎಳೆದರೆ ‘ನಾಂದಿ’ ಆಗುತ್ತದೆ ಎಂಬುದು ಮೇಷ್ಟ್ರ ಪಾಲು. ಮುಚ್ಚಿ ನೋಡಿ, ನಾಲ್ಕರಲ್ಲಿ ಯಾವುದು ಹೋದರೂ ಒಬ್ಬರು ಹೊರಗುಳಿಯುತ್ತಾರೆ.

ಉದ್ದ ಸುಳುಹಿಗೆ ಎರಡು ರೂಪ ಇವೆ. ಒಂದನ್ನು ಸರಪಳಿ ಎನ್ನುತ್ತೇನೆ, ಇನ್ನೊಂದನ್ನು ಗೊಂಚಲು. ‘ಘಟೋತ್ಕಚನ ಅಪ್ಪನ ಅಣ್ಣನ ತಾಯಿಯ ಒಡಹುಟ್ಟಿದವನ ಮಗ’ ಎಂದರೆ ಸರಪಳಿ. ಭೀಮ, ಧರ್ಮರಾಯ, ಕುಂತಿ, ವಸುದೇವ, ಕೃಷ್ಣ ಎಂದು ಐದು ಕೊಂಡಿ. ನಡುವೆ ಒಂದು ಗೊತ್ತಿಲ್ಲದಿದ್ದರೆ ಮುಗಿಯಿತು, ಉಳಿದ ನಾಲ್ಕು ಗೊತ್ತಿದ್ದೂ ಪ್ರಯೋಜನವಿಲ್ಲ. ‘ಬೆಣ್ಣೆ ಕದ್ದ, ಬೆಟ್ಟ ಎತ್ತಿದ, ರಥ ಹೊಡೆದ’ ಎಂದರೆ ಗೊಂಚಲು. ಒಂದು ಹಣ್ಣು ಕೈಗೆ ಸಿಕ್ಕರೂ ಸಾಕು. ಸರಪಳಿಗೆ ನಮ್ಮಲ್ಲಿ ದೊಡ್ಡ ಪರಂಪರೆಯೇ ಇದೆ, ದಾಸರ ಮುಂಡಿಗೆಗಳಲ್ಲಿ ಸಂಬಂಧದ ಮೇಲೆ ಸಂಬಂಧ ಹೇಳಿ ಕೊನೆಗೆ ಹರಿಯ ಹೆಸರಿಗೆ ತಂದು ನಿಲ್ಲಿಸುತ್ತಾರೆ. ಆದರೆ ಮುಂಡಿಗೆ ಭಜನೆಯಲ್ಲಿ ಹತ್ತು ಜನರ ನಡುವೆ, ಅರ್ಥ ಬಿಡಿಸಿ ಹೇಳುವ ಹಿರಿಯರ ಎದುರು ಹಾಡುವಂಥದ್ದು. ಪದಬಂಧ ತುಂಬುವವನ ಎದುರು ಅಂಥ ಹಿರಿಯರು ಯಾವಾಗಲೂ ಇರುವುದಿಲ್ಲ. ಅದಕ್ಕೇ ಮುಂಡಿಗೆಯಲ್ಲಿ ಸೊಗಸಾದದ್ದು ಚೌಕಮನೆಯಲ್ಲಿ ಒಮ್ಮೊಮ್ಮೆ ಬರೀ ಬೀಗವಾಗುತ್ತದೆ.

ಇನ್ನು ಇಸವಿಗಳ ವಿಷಯ. ‘1954ರ ಚಿತ್ರದ ನಾಯಕ (3)’ ಎಂದರೆ ಅದು ಗೊತ್ತಿದ್ದವನಿಗೆ ಗೊತ್ತು, ಗೊತ್ತಿಲ್ಲದವನು ಎಷ್ಟು ತಲೆ ಕೆರೆದುಕೊಂಡರೂ ಬರುವುದಿಲ್ಲ. ಈಗಿನ ಹುಡುಗರು ಅಂಥ ಸಾಲನ್ನು ಹಾಗೇ ಮೊಬೈಲಿಗೆ ಹಾಕಿ ಕೂತುಬಿಡುತ್ತಾರೆ, ಅವರನ್ನು ಬೈದು ಫಲವಿಲ್ಲ. ಯೋಚನೆಗೆ ಜಾಗ ಕೊಡದ ಪ್ರಶ್ನೆಗೆ ಹುಡುಕಾಟವೇ ಉತ್ತರ. ಅದೇ ಇಸವಿಯನ್ನು ಬೇರೆ ರೀತಿ ದುಡಿಸಬಹುದು: ‘ಶಿವನಿಗೆ ಕಣ್ಣು ಕೊಟ್ಟು ಹೆಸರಲ್ಲೂ ಕಣ್ಣು ಉಳಿಸಿಕೊಂಡ ಬೇಡ, 1954ರಲ್ಲಿ ಕನ್ನಡದಲ್ಲೂ ತೆಲುಗಿನಲ್ಲೂ ರಾಜ್‌ಕುಮಾರ್ ಮುಖದಲ್ಲೇ ಬಂದ (3)’. ಉತ್ತರ ‘ಕಣ್ಣಪ್ಪ’. ‘ಬೇಡರ ಕಣ್ಣಪ್ಪ’ ರಾಜ್‌ಕುಮಾರ್ ನಾಯಕರಾದ ಮೊದಲ ಚಿತ್ರ; ಅದೇ ಕಥೆ ತೆಲುಗಿನಲ್ಲಿ ‘ಕಾಳಹಸ್ತಿ ಮಹಾತ್ಮ್ಯಂ’ ಆಯಿತು, ಅದರಲ್ಲೂ ಅವರೇ. ಇಸವಿ ಮರೆತವನೂ ಹೆಸರಿನೊಳಗಿನ ‘ಕಣ್ಣು’ ಹಿಡಿದು ಒಳಗೆ ಬರಬಹುದು. ಕಾಳಹಸ್ತಿಗೆ ಹೋಗಿಬಂದ ಅಜ್ಜಿಯಂತೂ ಮೊದಲ ಅರ್ಧ ಕೇಳಿಯೇ ಹೇಳಿಬಿಡುತ್ತಾಳೆ.

ಒಳ್ಳೆಯ ಸುಳುಹಿನಲ್ಲಿ ಸಂಗತಿ ಮತ್ತು ಪದ ಎರಡೂ ಒಂದನ್ನೊಂದು ಹಿಡಿದುಕೊಂಡಿರಬೇಕು. ಇದಕ್ಕೆ ನಮ್ಮೂರ ಹೆಸರಿಗಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಲೇಪಾಕ್ಷಿ ಅಂದರೆ ಮೂರು ಮನೆ: ಲೇ, ಪಾ, ಕ್ಷಿ. ಹೆಸರಿಗೆ ಎರಡು ಕಥೆ. ರಾವಣನ ಏಟಿಗೆ ಬಿದ್ದಿದ್ದ ಜಟಾಯುವಿಗೆ ರಾಮ ‘ಲೇ ಪಕ್ಷಿ’, ಅಂದರೆ ‘ಏಳು ಹಕ್ಕಿಯೇ’ ಎಂದನಂತೆ, ಅದೂ ತೆಲುಗಿನಲ್ಲಿ. ಇನ್ನೊಂದು ವಿರೂಪಣ್ಣನ ಕಥೆ. ಬೊಕ್ಕಸದ ಹಣ ಕೇಳದೆ ಗುಡಿಗೆ ಸುರಿದ ಎಂಬ ದೂರಿಗೆ ಕಣ್ಣು ಕೀಳಿಸುವ ಆಜ್ಞೆಯಾಯಿತು. ತಾನೇ ಕಿತ್ತು ಗೋಡೆಗೆ ಎಸೆದ, ಆ ಕೆಂಪು ಕಲೆ ಇನ್ನೂ ಇದೆ ಅಂತ ತೋರಿಸುತ್ತಾರೆ. ಸುಳುಹು ಹೀಗಿರಬಹುದು: ‘ರಾಮ ತೆಲುಗಿನಲ್ಲಿ ಏಳೆಂದನಂತೆ, ವಿರೂಪಣ್ಣ ಗೋಡೆಗೆ ಕಣ್ಣು ಬಳಿದನಂತೆ, ಸಂಧಿ ಬಲ್ಲವರು ಎರಡನೆಯವನ ಪಕ್ಷ (3)’.

ಯಾಕೆ ಎರಡನೆಯವನ ಪಕ್ಷ? ಲೇ, ಪಕ್ಷಿ ಎರಡನ್ನೂ ಕೂಡಿಸಿದರೆ ‘ಲೇಪಕ್ಷಿ’ ಆಗುತ್ತದೆ, ದೀರ್ಘ ಬರುವುದಿಲ್ಲ. ಲೇಪ, ಅಕ್ಷಿ ಕೂಡಿದರೆ ಸವರ್ಣದೀರ್ಘ ಸಂಧಿಯಾಗಿ ‘ಲೇಪಾಕ್ಷಿ’ ಸರಿಯಾಗಿ ಕೂರುತ್ತದೆ. ಚರಿತ್ರೆಯಲ್ಲಿ ಯಾವುದು ನಡೆಯಿತು ಅಂತ ಸಂಧಿ ಹೇಳಲಾರದು. ಊರ ಹೆಸರು ಜನರ ಬಾಯಲ್ಲಿ ಹೇಗೆ ಬೇಕಾದರೂ ಎಳೆದುಕೊಳ್ಳುತ್ತದೆ. ಆದರೆ ಚೌಕಮನೆಯಲ್ಲಿ ‘ಪ’ ಬೇರೆ, ‘ಪಾ’ ಬೇರೆ. ಆ ಒಂದು ದೀರ್ಘಕ್ಕಾಗಿ ಅಜ್ಜಿ, ಮೊಮ್ಮಗ, ಮೇಷ್ಟ್ರು ಮೂವರೂ ಬಾಯಿ ಹಾಕಬೇಕಾಗುತ್ತದೆ. ಅಜ್ಜಿ ಕಥೆ ಕೊಡುತ್ತಾಳೆ, ‘ಲೇ’ ಎಂದರೆ ಏಳು ಎಂದು ಹುಡುಗ ಹೇಳುತ್ತಾನೆ, ಮೇಷ್ಟ್ರು ಸಂಧಿ ಬಿಡಿಸುತ್ತಾರೆ. ಒಬ್ಬರಿಂದಲೇ ಪೂರ್ತಿಯಾಗದ, ಯಾರನ್ನೂ ಬರಿಗೈಯಲ್ಲಿ ಕಳಿಸದ ಇಂಥ ಸುಳುಹನ್ನೇ ನಾನು ಹದವಾದದ್ದು ಎನ್ನುವುದು.

ದಿನಪತ್ರಿಕೆಗೆ ಇದು ಆಗುವ ಮಾತಲ್ಲ ಅಂತ ಕೆಲವರು ಹೇಳಬಹುದು. ನಿಜ. ದಿನವೂ ಕಟ್ಟುವವರಿಗೆ ಜಾಗವೂ ಕಡಿಮೆ, ಹೊತ್ತೂ ಕಡಿಮೆ. ಅಲ್ಲಿ ಗಿಡ್ಡ ಸುಳುಹೇ ಅನ್ನ. ಎಲ್ಲ ಸುಳುಹೂ ಉದ್ದವಾದರೆ ತುಂಬುವವನಿಗೂ ಸುಸ್ತು. ಒಂದು ಪದಬಂಧಕ್ಕೆ ಎರಡೋ ಮೂರೋ ಸಾಕು, ಹಬ್ಬದ ಒಬ್ಬಟ್ಟಿನ ಹಾಗೆ. ಆದರೆ ವಾಚನಾಲಯದ ಕರಿಹಲಗೆಗೆ, ಶಾಲೆಯ ಶನಿವಾರದ ಅವಧಿಗೆ ಅಂಥ ಅವಸರವಿಲ್ಲ. ಅಲ್ಲಿ ನಮ್ಮ ಗುಡಿ, ನಮ್ಮ ಕೆರೆ, ನಮ್ಮ ಎರಡು ಭಾಷೆ ಇಟ್ಟುಕೊಂಡು ಮೇಷ್ಟ್ರುಗಳೂ ಮಕ್ಕಳೂ ಸುಳುಹು ಕಟ್ಟಲಿ. ಕಟ್ಟಿದ ಮೇಲೆ ಬೆರಳಿನಿಂದ ಮುಚ್ಚಿ ನೋಡಲಿ.

ಮಾದರಿಗೆ ಒಂದು ಬಿಟ್ಟು ಹೋಗುತ್ತೇನೆ: ‘ತಾಯಿ ಅಡುಗೆ ಮುಗಿಸುವಷ್ಟರಲ್ಲಿ ಶಿಲ್ಪಿಗಳು ಏಳನ್ನು ಕಡೆದರಂತೆ, ಲಿಂಗಕ್ಕೆ ಕೊಡೆ, ಕಪ್ಪೆಗೆ ನಡುಕ, ಬಿಚ್ಚಿದರೆ ಪುಂಗಿಯವನಿಗೆ ಅಂದಿನ ಕೂಳು (2)’. ‘ಹಾವು’ ಅಂತ ಬರೆಯಲು ಹೊರಟವರು ‘ಏಳನ್ನು’ ಎಂಬುದನ್ನು ಇನ್ನೊಮ್ಮೆ ಓದಿಕೊಳ್ಳಿ.