ಹರ್ಮ್ಯವೋ ಪ್ರಾಸಾದವೋ: ಟಿಂಟ್ಸ್‌ಫೀಲ್ಡ್ ಗೃಹದ ವಿಮರ್ಶೆ

ಪ್ರಾಸಾದವೆಂಬ ಶಬ್ದವು ದೇವತೆಗಳ ಮತ್ತು ಅರಸರ ಆಲಯಗಳಿಗೆ ಸಲ್ಲತಕ್ಕುದೆಂದೂ ಧನಿಕರ ಮನೆಗೆ ಹರ್ಮ್ಯವೆಂಬ ಹೆಸರೇ ಉಚಿತವೆಂದೂ ಅಮರಸಿಂಹನು ವಿಭಾಗಿಸಿರುವುದು ವಿದ್ವಾಂಸರಿಗೆ ವಿದಿತವಾದ ವಿಷಯವೇ ಸರಿ. ಕವಿಗಳು ಈ ಕಟ್ಟಳೆಯನ್ನು ಬಹುವಾಗಿ ಮನ್ನಿಸಿದವರಲ್ಲ. ಆದರೂ ಇದರ ಹಿಂದಿರುವ ವಿವೇಕವು ಅಲ್ಪವಾದುದಲ್ಲ. ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಸಮೀಪದಲ್ಲಿರುವ ಟಿಂಟ್ಸ್‌ಫೀಲ್ಡ್ ಎಂಬ ಗೃಹವನ್ನು ಪರೀಕ್ಷಿಸುವವರಿಗೆ ಇದೇ ಒರೆಗಲ್ಲಾಗಿ ಒದಗುವುದು.

ಈ ಸ್ಥಳವನ್ನು 1843ರಲ್ಲಿ ಕೊಂಡವನು ವಿಲಿಯಂ ಗಿಬ್ಸ್ ಎಂಬ ವರ್ತಕ. ಅಲ್ಲಿದ್ದ ಸಾಧಾರಣವಾದ ಮನೆಯನ್ನು 1863ರಿಂದ 1865ರ ವರೆಗೆ ಜಾನ್ ನಾರ್ಟನ್ ಎಂಬ ಶಿಲ್ಪಿಯು ಗಾಥಿಕ್ ಶೈಲಿಯಲ್ಲಿ ಪುನರ್ನಿರ್ಮಿಸಿದನು. ಕಡಿದಾದ ಮಾಡುಗಳು, ಮೊನಚಾದ ಕಮಾನುಗಳು, ಕೆತ್ತಿದ ಎಲೆಬಳ್ಳಿಗಳು, ಒಂದರಂತೆ ಒಂದಿಲ್ಲದ ಗೋಪುರಗಳು ಇದರ ಲಕ್ಷಣ. ಇವೆಲ್ಲವೂ ಮಧ್ಯಯುಗದ ಕ್ರೈಸ್ತ ದೇವಾಲಯಗಳಿಂದ ಬಂದವು. ಯಜಮಾನನು ಮಹಾಭಕ್ತನಾದುದರಿಂದ ಈ ಆಯ್ಕೆಯು ಆಕಸ್ಮಿಕವಲ್ಲ. ಆಕ್ಸ್‌ಫರ್ಡಿನ ಕೀಬಲ್ ಕಾಲೇಜಿನ ದೇವಾಲಯವೂ ಇವನ ದ್ರವ್ಯದಿಂದಲೇ ಎದ್ದಿತು.

ಇಂತಹ ಮನೆಗಳಲ್ಲಿ ಅಲಂಕಾರವು ಅತಿಯಾಯಿತೆಂದು ಇಪ್ಪತ್ತನೆಯ ಶತಮಾನದ ರಸಿಕರು ಹಳಿದುದುಂಟು. ಈ ಆಕ್ಷೇಪವು ನಿಲ್ಲಲಾರದು. ಅಲಂಕಾರವು ಹೆಚ್ಚಿತೆಂಬುದೇ ದೋಷವಾದರೆ ಬಾಣನ ಗದ್ಯವನ್ನು ಓದುವವರೇ ಇರುತ್ತಿರಲಿಲ್ಲ. ವಿಷಮವಾದ ಅವಯವಗಳನ್ನು ಏಕವಾಕ್ಯತೆಗೆ ತರುವ ಅಂಗಿಯೊಂದಿದೆಯೇ ಎಂಬುದೇ ಪ್ರಶ್ನೆ. ನಾರ್ಟನ್ನನ ಯೋಜನೆಯಲ್ಲಿ ಅದು ಇದ್ದಿತು. ಎತ್ತರವಾದ ಗಡಿಯಾರದ ಗೋಪುರವು ಉಳಿದ ಶಿಖರಗಳನ್ನೆಲ್ಲ ತನ್ನೆಡೆಗೆ ಸೆಳೆದುಕೊಂಡಿತ್ತು. 1935ರಲ್ಲಿ ಅದನ್ನು ಕೆಡವಿದರು. ಈಗಿನ ಮನೆಯು ಕ್ರಿಯಾಪದವನ್ನು ಕಳೆದುಕೊಂಡ ಶ್ಲೋಕದಂತಿದೆ: ಪದಗಳೆಲ್ಲವೂ ಸುಂದರ, ಅನ್ವಯವು ಮಾತ್ರ ಕಷ್ಟ.

ನಿಜವಾದ ಅನೌಚಿತ್ಯವು ಬೇರೆಡೆಯಲ್ಲಿದೆ. 1873 ಮತ್ತು 1875ರ ನಡುವೆ ಆರ್ಥರ್ ಬ್ಲೂಂಫೀಲ್ಡನು ಮನೆಗೆ ಸೇರಿಸಿದ ದೇವಾಲಯಕ್ಕೆ ಪ್ಯಾರಿಸ್ಸಿನ ಸೇಂಟ್ ಷಾಪೆಲ್ ಮಾದರಿಯಾಯಿತು. ಆ ಮೂಲವಾದರೋ ಹದಿಮೂರನೆಯ ಶತಮಾನದಲ್ಲಿ ಫ್ರಾನ್ಸಿನ ಅರಸನಾದ ಒಂಬತ್ತನೆಯ ಲೂಯಿಯು ಪವಿತ್ರಾವಶೇಷಗಳಿಗಾಗಿ ಕಟ್ಟಿಸಿದುದು. ರಾಜನಿಗೆ ಸಂದ ರೂಪವನ್ನು ವರ್ತಕನ ಮನೆಯು ಧರಿಸಿತು. ಹರ್ಮ್ಯವು ಪ್ರಾಸಾದವಾಗಲು ಹವಣಿಸಿದುದು ಇಲ್ಲಿಯೇ. ಕ್ಷೇಮೇಂದ್ರನು ಕಂಡಿದ್ದರೆ ಕಟಿಸೂತ್ರವನ್ನು ಕೊರಳಿಗೆ ಹಾಕಿದಂತಾಯಿತೆನ್ನುತ್ತಿದ್ದನೇನೋ.

ಇನ್ನು ಈ ಐಶ್ವರ್ಯದ ಮೂಲವನ್ನು ವಿಚಾರಿಸಬೇಕು. ಪೆರು ದೇಶದ ಕರೆಗೆ ಅನತಿದೂರದಲ್ಲಿ ಚಿಂಚಾ ಎಂಬ ದ್ವೀಪಗಳಿವೆ. ಅಲ್ಲಿ ಮಳೆಯು ಬಹಳ ವಿರಳವಾದುದರಿಂದ ಕಡಲಹಕ್ಕಿಗಳ ಹಿಕ್ಕೆಯು ಸಾರವನ್ನು ಕಳೆದುಕೊಳ್ಳದೆ ಶತಮಾನಗಳಿಂದ ಗುಡ್ಡೆಗುಡ್ಡೆಯಾಗಿ ಕೂಡಿತ್ತು. ಗುವಾನೋ ಎಂಬ ಈ ಗೊಬ್ಬರವನ್ನು ಯುರೋಪಿನ ಹೊಲಗಳಿಗೆ ಮಾರುವ ಅಧಿಕಾರವನ್ನು ಗಿಬ್ಸರ ವರ್ತಕಸಂಸ್ಥೆಯು ಪೆರುವಿನ ಸರ್ಕಾರದಿಂದ ಪಡೆದು 1861ರ ವರೆಗೆ ಲಾಭಗಳಿಸಿತು. ಅಗೆಯುವ ಕೆಲಸವು ಅವರ ಕೈಯಲ್ಲಿರಲಿಲ್ಲವೆಂಬುದು ದಿಟ. ಆದರೆ ಗುಲಾಮರೂ ಸೆರೆಯಾಳುಗಳೂ, 1849ರಿಂದೀಚೆಗೆ ಕರಾರಿನ ಮೇಲೆ ತಂದ ಚೀಣೀಯರೂ ಆ ದುರ್ಗಂಧದ ಧೂಳಿನಲ್ಲಿ ಸವೆದು ಸತ್ತರೆಂಬುದೂ ಅಷ್ಟೇ ದಿಟ.

ಕಲೆಯ ಗುಣವನ್ನು ದಾತೃವಿನ ಧನದಿಂದ ಅಳೆಯಬಾರದೆಂದು ಕೆಲವರು ವಾದಿಸಬಹುದು; ಸೂರೆಯ ಹೊನ್ನಿನಿಂದೆದ್ದ ಗುಡಿಗಳನ್ನೂ ಲೋಕವು ಹೊಗಳುತ್ತಿದೆಯಷ್ಟೆ. ಈ ವಾದವು ಸಾಮಾನ್ಯವಾಗಿ ಗ್ರಾಹ್ಯವಾದರೂ ಪ್ರಕೃತದಲ್ಲಿ ಸಲ್ಲದು. ಟಿಂಟ್ಸ್‌ಫೀಲ್ಡ್ ಕೇವಲ ಚೆಲುವಿಗಾಗಿ ಕಟ್ಟಿದ ಮನೆಯಲ್ಲ. ಯಜಮಾನನ ಧರ್ಮಶೀಲತೆಯನ್ನೇ ಅದು ಕಲ್ಲಿನಲ್ಲಿ ವಾಚ್ಯವಾಗಿ ಸಾರುತ್ತದೆ. ಕೃತಿಯು ತಾನೇ ಮುಂದಿಟ್ಟ ಅರ್ಥವನ್ನು ಪರೀಕ್ಷಿಸದೆ ರೂಪಕ್ಕೆ ಮಾತ್ರ ಬೆಲೆಕಟ್ಟುವುದು ಅರ್ಧವಿಮರ್ಶೆಯಾದೀತು. ಚಿಂಚಾ ದ್ವೀಪವನ್ನು ಬಲ್ಲ ಸಹೃದಯನಿಗೆ ಅದೇ ಕಲ್ಲು ಬೇರೊಂದನ್ನು ಧ್ವನಿಸದೆ ಇರದು.

ಇಷ್ಟಾಗಿಯೂ ಮನೆಯನ್ನು ಉಳಿಸಿದುದು ಯುಕ್ತವೇ. ಎರಡನೆಯ ರಾಕ್ಸಾಲ್ ಪ್ರಭುವು 2001ರಲ್ಲಿ ಅವಿವಾಹಿತನಾಗಿಯೇ ತೀರಿಕೊಂಡ ಬಳಿಕ 2002ರಲ್ಲಿ ನ್ಯಾಷನಲ್ ಟ್ರಸ್ಟಿನವರು, ಜನರಿತ್ತ ಚಂದಾಹಣವನ್ನೂ ಸೇರಿಸಿ, ಇದನ್ನು ಕೊಂಡರು. ನಾಲ್ಕು ತಲೆಮಾರಿನವರು ಬಳಸಿದ ಸಹಸ್ರಾರು ಪದಾರ್ಥಗಳು ಚದುರಿಹೋಗದೆ ನಿಂತುದರಿಂದ ಇಂಗ್ಲೆಂಡಿನ ಧನಿಕ ಗೃಹಸ್ಥನ ದಿನಚರ್ಯೆಯೇ ಅಲ್ಲಿ ಗ್ರಂಥಸ್ಥವಾಗಿದೆ. ಗಾಥಿಕ್ ರೀತಿಯ ಮರದ ಛಾವಣಿಯ ಕೆಳಗಿರುವ ಪುಸ್ತಕಶಾಲೆಯಲ್ಲಿ ಶೈಲಿಗೂ ಬಾಳಿಗೂ ಎಲ್ಲಿಯೂ ವಿರೋಧವಿಲ್ಲ. ಹರ್ಮ್ಯವು ಹರ್ಮ್ಯವಾಗಿಯೇ ಇರಲೊಪ್ಪಿದ ಆ ಕೊಠಡಿಯು ದೇವಾಲಯಕ್ಕಿಂತ ಉತ್ತಮವಾದ ರಚನೆ.